ಬೆಟ್ಟದ ದಾರಿಯ ಗಾಡಿ: ಅದರ ಆಯ್ಕೆಯೂ ರಕ್ಷಣೆಯೂ

ಹಿಂದಿನ ಕಾಲದಲ್ಲಿ ಅನುಕೂಲಸ್ಥರು ಸವಾರಿಯ ಕುದುರೆಯನ್ನು ಸಾಕುತ್ತಿದ್ದರು. ಕುದುರೆಯನ್ನು ಕೊಳ್ಳುವುದಕ್ಕೆ ಮುಂಚೆ ಅದರ ಸುಳಿ, ಹಲ್ಲು, ಗೊರಸುಗಳನ್ನು ಬಲ್ಲವರಿಂದ ಪರೀಕ್ಷೆ ಮಾಡಿಸುವುದು ವಾಡಿಕೆಯಾಗಿತ್ತು. ಕೊಂಡ ಮೇಲೆ ಅದಕ್ಕೆ ಹುರುಳಿ ಎಷ್ಟು, ಹುಲ್ಲು ಎಷ್ಟು, ಲಾಳ ಎಂದು ಕಟ್ಟಿಸಬೇಕು ಎಂಬುದನ್ನು ಯಜಮಾನನು ತಾನೇ ಅರಿತಿರುತ್ತಿದ್ದನು. ಈಗ ಆ ಕುದುರೆಯ ಸ್ಥಾನಕ್ಕೆ ನಾಲ್ಕು ಚಕ್ರಗಳಿಗೂ ಯಂತ್ರದ ಬಲ ಹರಿಯುವ ಮೋಟಾರು ಗಾಡಿ ಬಂದಿದೆ. ಆದರೆ ಕುದುರೆಯನ್ನು ನೋಡಿ ಕೊಳ್ಳುತ್ತಿದ್ದವರ ಮೊಮ್ಮಕ್ಕಳು ಗಾಡಿಯನ್ನು ಅದರ ಬಣ್ಣ ನೋಡಿ ಕೊಳ್ಳುತ್ತಿದ್ದಾರೆ! ರಜೆಯ ದಿನಗಳಲ್ಲಿ ರಸ್ತೆಯನ್ನು ಬಿಟ್ಟು ಬೆಟ್ಟ, ಕೆಸರು, ಹಳ್ಳಗಳ ಹಾದಿಯನ್ನು ಹಿಡಿಯುವ ಹವ್ಯಾಸ ನಮ್ಮ ನಾಡಿನ ತರುಣರಲ್ಲಿ ಹೆಚ್ಚುತ್ತಿರುವುದರಿಂದ, ಈ ವಿಷಯವಾಗಿ ಗೃಹಸ್ಥರಾದ ವಾಚಕರೊಡನೆ ನಾಲ್ಕು ಮಾತುಗಳನ್ನು ಆಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಈ ಲೇಖನಕ್ಕೆ ನಿಮಿತ್ತನಾದವನು ನನ್ನ ಸೋದರಳಿಯ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಆತನು ಕಳೆದ ದೀಪಾವಳಿಗೆ ಮಲೆನಾಡಿನ ನಮ್ಮ ಮನೆಗೆ ಬಂದಿದ್ದಾಗ, ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, “ಮಾವ, ಒಂದು ಜೀಪು ತೆಗೆದುಕೊಳ್ಳಬೇಕೆಂದಿದ್ದೇನೆ. ಮನೆ ಕಟ್ಟುವುದಕ್ಕೆಂದು ಇಟ್ಟಿರುವ ಹಣದಲ್ಲಿ ಸ್ವಲ್ಪ ತೆಗೆದರಾಯಿತು. ಅಮ್ಮನನ್ನು ನೀವು ಒಪ್ಪಿಸಿಕೊಡಬೇಕು,” ಎಂದನು. ಒಳಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನನ್ನ ತಂಗಿಗೆ ಈ ಮಾತು ಕೇಳಿಸಿತು. “ಅಣ್ಣ, ನೀನು ಅವನಿಗೆ ತಾಳ ಹಾಕಬೇಡ. ನಿನ್ನ ಗಾಡಿಯ ಕಥೆಯನ್ನು ಮೊದಲು ಹೇಳು,” ಎಂದು ಅಲ್ಲಿಂದಲೇ ಕೂಗಿದಳು. ನನ್ನ ಗಾಡಿಯ ಕಥೆ ಹೇಳಿಕೊಳ್ಳುವಂಥದಲ್ಲ. ಆದರೂ ಅದನ್ನು ಹೇಳದೆ ಈ ಬರಹ ಪೂರ್ಣವಾಗದು. ಅದರ ಸ್ಥಳದಲ್ಲಿ ಹೇಳುತ್ತೇನೆ.

ಜೀಪಿನ ಪೂರ್ವೋತ್ತರ

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೦ರಲ್ಲಿ, ಅಮೆರಿಕದ ಸೈನ್ಯವು ಹಗುರವಾದ, ಎಲ್ಲ ನೆಲದ ಮೇಲೂ ಓಡಬಲ್ಲ ಸಣ್ಣ ಗಾಡಿಯೊಂದನ್ನು ಮಾಡಿಕೊಡಿರೆಂದು ಕಾರ್ಖಾನೆಗಳನ್ನು ಕೇಳಿತು. ಬ್ಯಾಂಟಮ್ ಎಂಬ ಚಿಕ್ಕ ಸಂಸ್ಥೆಯು ಆ ವರ್ಷದ ಸೆಪ್ಟೆಂಬರಿನಲ್ಲಿ ಮೊದಲ ಮಾದರಿಯನ್ನು ಒಪ್ಪಿಸಿತು. ಅನಂತರ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ನಮ್ಮ ದೇಶದಲ್ಲಿ ಮಹೀಂದ್ರಾ ಸಂಸ್ಥೆಯವರು ೧೯೪೭ರಲ್ಲಿ ವಿಲ್ಲೀಸ್ ಜೀಪುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿದರು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಜೀಪು ವಿನೋದದ ವಸ್ತುವಾಗಿರಲಿಲ್ಲ. ಗೊಬ್ಬರದ ಚೀಲ, ಕಾಫಿಯ ಮೂಟೆ, ಹೆರಿಗೆಯ ನೋವು ಬಂದ ಹೆಂಗಸು, ಶಾಲೆಯ ಮಕ್ಕಳು ಎಲ್ಲವನ್ನೂ ಎಲ್ಲರನ್ನೂ ಹೊತ್ತು ಅದು ಮಳೆಗಾಲವನ್ನು ದಾಟಿಸುತ್ತಿತ್ತು. ಈಗಲೂ ಕೊಡಚಾದ್ರಿಯ ಬೆಟ್ಟಕ್ಕೂ ಮಡಿಕೇರಿಯ ಬಳಿಯ ಮಾಂದಲಪಟ್ಟಿಗೂ ಯಾತ್ರಿಕರನ್ನು ಕರೆದೊಯ್ಯುವವರು ಊರಿನ ಜೀಪಿನವರೇ.

೧೯೮೫ರಲ್ಲಿ ಬಂದ ಮಾರುತಿ ಜಿಪ್ಸಿಯು ಹಗುರವಾದ ಮೈಯಿಂದಾಗಿ ಬಹುಕಾಲ ಹವ್ಯಾಸಿಗಳ ಅಚ್ಚುಮೆಚ್ಚಿನದಾಗಿತ್ತು. ಅದರ ಮಾರಾಟ ನಿಂತುಹೋಗಿದೆ. ಮಹೀಂದ್ರಾ ಥಾರ್ ೨೦೧೦ರಲ್ಲಿ ಬಂದು, ೨೦೨೦ರಲ್ಲಿ ಪೂರ್ತಿಯಾಗಿ ಹೊಸ ರೂಪವನ್ನು ತಾಳಿತು. ೨೦೨೩ರಲ್ಲಿ ಐದು ಬಾಗಿಲುಗಳ ಮಾರುತಿ ಜಿಮ್ನಿ ಬಂದಿತು. ಫೋರ್ಸ್ ಸಂಸ್ಥೆಯ ಗುರ್ಖಾ ಮತ್ತೊಂದು. ಹೀಗೆ ಆರಿಸಿಕೊಳ್ಳುವುದಕ್ಕೆ ಈಗ ಅವಕಾಶವುಂಟು. ಅವಕಾಶವಿರುವಲ್ಲಿ ವಿವೇಕವೂ ಬೇಕಾಗುತ್ತದೆ.

ನಾಲ್ಕು ಚಕ್ರಗಳ ಬಲವೆಂದರೇನು?

ಸಾಮಾನ್ಯವಾದ ಕಾರಿನಲ್ಲಿ ಯಂತ್ರದ ಬಲವು ಮುಂದಿನ ಅಥವಾ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಸಲ್ಲುತ್ತದೆ. ಅವು ಕೆಸರಿನಲ್ಲಿ ಜಾರಿದರೆ ಉಳಿದೆರಡು ಸುಮ್ಮನೆ ನೋಡುತ್ತಿರುತ್ತವೆ. ನಾವು ಹೇಳುತ್ತಿರುವ ಗಾಡಿಯಲ್ಲಿ ಗೇರಿನ ಪೆಟ್ಟಿಗೆಗೆ ಹೊಂದಿಕೊಂಡು ಮತ್ತೊಂದು ಪೆಟ್ಟಿಗೆ ಇರುತ್ತದೆ. ಅದು ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುತ್ತದೆ. ಅಷ್ಟೇ ಅಲ್ಲದೆ, ಅದರಲ್ಲಿ ‘ಲೋ’ ಎಂಬ ಸ್ಥಾನವೊಂದಿದೆ. ಇದನ್ನು ಹಾಕಿದಾಗ ಚಕ್ರದ ವೇಗವು ಎರಡರಿಂದ ಎರಡೂವರೆ ಪಾಲು ತಗ್ಗಿ, ಎಳೆಯುವ ಬಲವು ಅಷ್ಟೇ ಪಾಲು ಹೆಚ್ಚುತ್ತದೆ. ಬಂಡೆಯನ್ನು ಏರುವಾಗಲೂ ಕಡಿದಾದ ಇಳಿಜಾರನ್ನು ಇಳಿಯುವಾಗಲೂ ಕೈಹಿಡಿಯುವುದು ಇದೇ. ಈ ಸ್ಥಾನವಿಲ್ಲದ ಗಾಡಿಯು, ಅದರ ಹಿಂಬದಿಯಲ್ಲಿ ಏನೇ ಬರೆದಿದ್ದರೂ, ಮಳೆಯ ರಸ್ತೆಗೆ ಸಾಕಾದೀತೇ ಹೊರತು ಬೆಟ್ಟದ ಕೊರಕಲಿಗೆ ಸಾಲದು.

ಇನ್ನೊಂದು ಸೂಕ್ಷ್ಮವುಂಟು. ಗಾಡಿ ತಿರುವಿನಲ್ಲಿ ಓಡುವಾಗ ಹೊರಮಗ್ಗುಲಿನ ಚಕ್ರವು ಹೆಚ್ಚು ದೂರವನ್ನು ಕ್ರಮಿಸಬೇಕಾದುದರಿಂದ, ಎರಡೂ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತುವಂತೆ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗಡ್ಡೆ ಇರುತ್ತದೆ. ಇದಕ್ಕೊಂದು ದೌರ್ಬಲ್ಯವಿದೆ. ಒಂದು ಚಕ್ರವು ನೆಲಬಿಟ್ಟು ಗಾಳಿಯಲ್ಲಿ ನಿಂತರೆ, ಅದೇ ಗಿರಗಿರನೆ ತಿರುಗಿ, ನೆಲದಲ್ಲಿರುವ ಚಕ್ರವು ಸ್ತಬ್ಧವಾಗುತ್ತದೆ. ಇದನ್ನು ತಡೆಯಲು ಕೆಲವು ಗಾಡಿಗಳಲ್ಲಿ ‘ಲಾಕ್’ ಇರುತ್ತದೆ. ಗುರ್ಖಾದಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಈ ಲಾಕ್ ಉಂಟು. ಜಿಮ್ನಿಯಲ್ಲಿ ಜಾರುವ ಚಕ್ರಕ್ಕೆ ಬ್ರೇಕನ್ನು ತಾನಾಗಿ ಒತ್ತಿ ಬಲವನ್ನು ಎದುರು ಚಕ್ರಕ್ಕೆ ಕಳುಹಿಸುವ ಏರ್ಪಾಡಿದೆ.

ಈ ಬಗೆಯ ಗಾಡಿಗಳನ್ನು ಒಣಗಿದ ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರಗಳ ಬಲದಲ್ಲಿ ಓಡಿಸಕೂಡದು. ಮುಂದಿನ ಮತ್ತು ಹಿಂದಿನ ಅಚ್ಚುಗಳು ಒಂದೇ ವೇಗದಲ್ಲಿ ಬಿಗಿಯಲ್ಪಟ್ಟಿರುವುದರಿಂದ ತಿರುವುಗಳಲ್ಲಿ ಹಲ್ಲುಚಕ್ರಗಳು ತಿರುಚಿಕೊಳ್ಳುತ್ತವೆ, ಟೈರುಗಳು ಸವೆಯುತ್ತವೆ. ಮಣ್ಣು, ಮರಳು, ಕೆಸರುಗಳಲ್ಲಾದರೆ ಚಕ್ರವು ಸ್ವಲ್ಪ ಜಾರಿ ಆ ಬಿಗಿಯನ್ನು ಸಡಿಲಿಸಿಕೊಳ್ಳುತ್ತದೆ. ಹೊಸ ಗಾಡಿ ಕೊಂಡ ಉತ್ಸಾಹದಲ್ಲಿ ಪೇಟೆಯ ಬೀದಿಯಲ್ಲೇ ಆ ಸನ್ನೆಯನ್ನು ಎಳೆದು ಯಂತ್ರವನ್ನು ಕೆಡಿಸಿಕೊಂಡವರು ಅನೇಕರು.

ಆಯ್ಕೆಯ ಕ್ರಮ

ಮೊದಲನೆಯದಾಗಿ, ಕೊಳ್ಳುವವನು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ: ವರ್ಷಕ್ಕೆ ಎಷ್ಟು ದಿನ ನಾನು ರಸ್ತೆಯನ್ನು ಬಿಡುತ್ತೇನೆ? ಉಳಿದ ದಿನಗಳಲ್ಲಿ ಗಾಡಿ ಏನು ಮಾಡಬೇಕು? ವರ್ಷದಲ್ಲಿ ಹತ್ತು ದಿನದ ವಿನೋದಕ್ಕಾಗಿ ಮುನ್ನೂರೈವತ್ತು ದಿನ ವೃದ್ಧರಾದ ತಾಯಿತಂದೆಗಳು ಎತ್ತರದ ಮೆಟ್ಟಿಲನ್ನು ಹತ್ತಲಾರದೆ ಕಷ್ಟಪಡುವುದಾದರೆ, ಅಂಥ ಗಾಡಿ ಮನೆಗೆ ತಕ್ಕದ್ದಲ್ಲ. ಹಿಂದಿನ ಆಸನಕ್ಕೆ ಹೋಗಲು ಮುಂದಿನ ಆಸನವನ್ನು ಮಡಿಸಬೇಕೆ, ಮೂಟೆಗೆ ಸ್ಥಳವಿದೆಯೆ, ಇವನ್ನು ಮನೆಯವರೆಲ್ಲರನ್ನೂ ಅಂಗಡಿಗೆ ಕರೆದೊಯ್ದು, ಕೂರಿಸಿ ನೋಡತಕ್ಕದ್ದು.

ಎರಡನೆಯದಾಗಿ, ಹೆಸರಿಗೆ ಮರುಳಾಗಬಾರದು. ಥಾರ್ ಗಾಡಿಯನ್ನೇ ೨೦೨೩ರಿಂದ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲವಿರುವಂತೆಯೂ ಮಾರುತ್ತಿದ್ದಾರೆ. ನೋಟದಲ್ಲಿ ಎರಡೂ ಹೆಚ್ಚು ಕಡಮೆ ಒಂದೇ. ಬೆಲೆಯಲ್ಲಿ ಇದು ಕಡಮೆ. ಅಗ್ಗವೆಂದು ತಂದು, ಮೊದಲ ಮಳೆಯ ಕೆಸರಿನಲ್ಲಿ ಸತ್ಯವನ್ನು ತಿಳಿದುಕೊಳ್ಳುವಂತಾಗಬಾರದು.

ಮೂರನೆಯದಾಗಿ, ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ. ಥಾರ್‌ನಲ್ಲಿ ಇದು ೨೨೬ ಮಿಲಿಮೀಟರು, ಜಿಮ್ನಿಯಲ್ಲಿ ೨೧೦. ಅಂದರೆ ಎಂಟು ಒಂಬತ್ತು ಅಂಗುಲ. ಇದರಷ್ಟೇ ಮುಖ್ಯವಾದವು ಗಾಡಿಯ ಮೂತಿಯ ಕೋನ, ಬಾಲದ ಕೋನ ಮತ್ತು ಹೊಟ್ಟೆಯ ಕೋನ. ಮೂತಿಯು ಚಕ್ರಕ್ಕಿಂತ ಬಹಳ ಮುಂದೆ ಚಾಚಿಕೊಂಡಿದ್ದರೆ ದಿಣ್ಣೆಗೆ ಚಕ್ರ ಮುಟ್ಟುವುದಕ್ಕೆ ಮೊದಲೇ ಮೂತಿ ಕುಟ್ಟುತ್ತದೆ. ಎರಡು ಅಚ್ಚುಗಳ ನಡುವಣ ದೂರ ಹೆಚ್ಚಿದಷ್ಟೂ ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ಕೂರುತ್ತದೆ. ಆದುದರಿಂದಲೇ ಉದ್ದವಾದ ಸಂಸಾರದ ಗಾಡಿಗಿಂತ ಗಿಡ್ಡ ಜೀಪು ಕೊರಕಲಿನಲ್ಲಿ ಚುರುಕು.

ನಾಲ್ಕನೆಯದಾಗಿ, ತೂಕ. ಜಿಮ್ನಿಯು ಸುಮಾರು ೧,೨೦೦ ಕಿಲೋಗ್ರಾಮು ತೂಗುತ್ತದೆ. ಥಾರ್, ಗುರ್ಖಾಗಳು ಅದಕ್ಕಿಂತ ಬಹಳ ಭಾರ. ಭಾರದ ಗಾಡಿಗೆ ದೊಡ್ಡ ಯಂತ್ರ, ಅದರಿಂದ ಬಲ ಹೆಚ್ಚು. ಆದರೆ ಹೂತುಕೊಂಡಾಗ ಅದನ್ನು ಎಳೆಯುವುದು ಅಷ್ಟೇ ಕಷ್ಟ. ಹಗುರವಾದದ್ದು ಕೆಸರಿನ ಮೇಲೆ ತೇಲಿದಂತೆ ಸಾಗುತ್ತದೆ; ನಾಲ್ಕು ಜನ ತಳ್ಳಿದರೆ ಅನೇಕ ವೇಳೆ ಹೊರಬರುತ್ತದೆ.

ಹಳೆಯ ಜೀಪನ್ನು ಕೊಳ್ಳುವವರಿಗೆ ಒಂದು ಮಾತು. ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಬಾರದೆಂದು ಹಿರಿಯರು ಹೇಳುತ್ತಾರೆ. ಹೊಸ ಬಣ್ಣದ ಕೆಳಗಿರುವ ಹಳೆಯ ಜೀಪು ಅಂಥ ಎಮ್ಮೆಯೇ ಸರಿ. ಗಾಡಿಯನ್ನು ಎತ್ತರಕ್ಕೆ ಏರಿಸಿ, ಅಡಿಯ ಏಣಿಯಾಕಾರದ ಚೌಕಟ್ಟನ್ನು ದೀಪ ಹಿಡಿದು ನೋಡಬೇಕು. ತುಕ್ಕು ಹಿಡಿದು ಪದರು ಪದರಾಗಿ ಏಳುತ್ತಿದೆಯೆ, ಬೆಸುಗೆ ಹಾಕಿದ ಗುರುತಿದೆಯೆ, ಚೌಕಟ್ಟಿನ ಮೇಲೆ ಕೆತ್ತಿದ ಸಂಖ್ಯೆಯು ನೋಂದಣಿಯ ಪತ್ರದಲ್ಲಿರುವ ಸಂಖ್ಯೆಗೆ ಸರಿಹೋಗುತ್ತದೆಯೆ, ಇವನ್ನು ಪರಿಶೀಲಿಸಬೇಕು. ಬಳಿಕ ಸಡಿಲವಾದ ಮಣ್ಣಿನ ಮೇಲೆ ಓಡಿಸಿ, ನಾಲ್ಕು ಚಕ್ರಗಳ ಸನ್ನೆಯೂ ‘ಲೋ’ ಸ್ಥಾನವೂ ಸರಾಗವಾಗಿ ಬೀಳುತ್ತವೆಯೆ, ಬಲವನ್ನು ಹಂಚುವ ಪೆಟ್ಟಿಗೆಯಿಂದ ಗೊರಗೊರ ಶಬ್ದ ಬರುತ್ತದೆಯೆ ಎಂದು ಕಿವಿಗೊಟ್ಟು ಕೇಳಬೇಕು. ಹದಿನೈದು ವರ್ಷ ದಾಟಿದ ಗಾಡಿಯಾದರೆ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಿಕೊಳ್ಳತಕ್ಕದ್ದು.

ನನ್ನ ಗಾಡಿಯ ಕಥೆ

ಇನ್ನು ತಂಗಿ ಹೇಳಿದ ಕಥೆ. ೨೦೧೭ರ ಆಷಾಢಮಾಸ. ನೆಂಟರ ಮನೆಯ ಸಮಾರಂಭವೊಂದನ್ನು ಮುಗಿಸಿಕೊಂಡು ನನ್ನ ಹಳೆಯ ಜೀಪಿನಲ್ಲಿ ಊರಿಗೆ ಹಿಂದಿರುಗುತ್ತಿದ್ದೆವು. ಜೊತೆಯಲ್ಲಿ ನನ್ನ ಹೆಂಡತಿಯೂ ಒಂಬತ್ತು ವರ್ಷದ ಮಗಳೂ ಇದ್ದರು. ಸುತ್ತು ರಸ್ತೆಯಲ್ಲಿ ಹೋದರೆ ಹದಿನೆಂಟು ಕಿಲೋಮೀಟರು. ಹಳ್ಳವನ್ನು ದಾಟಿದರೆ ನಾಲ್ಕು. ಹಳ್ಳದ ದಂಡೆಯಲ್ಲಿ ಗಾಡಿ ನಿಲ್ಲಿಸಿದಾಗ ನನ್ನ ಹೆಂಡತಿಯು, “ನೀರು ಕೆಂಪಾಗಿದೆ, ನೋಡಿ. ಮೇಲುಗಡೆ ಮಳೆ ಜೋರಾಗಿರಬೇಕು. ಸುತ್ತಿಕೊಂಡೇ ಹೋಗೋಣ,” ಎಂದಳು. “ಬೇಸಗೆಯಲ್ಲಿ ನೂರು ಸಲ ದಾಟಿದ ಹಳ್ಳ ಇದು,” ಎಂದು ನಾನು ಗಾಡಿಯನ್ನು ಇಳಿಸಿದೆ.

ನಡುನೀರಿನಲ್ಲಿ ಮುಂದಿನ ಚಕ್ರವು ಹೊಸದಾಗಿ ಬಿದ್ದ ಗುಂಡಿಗೆ ಇಳಿಯಿತು. ನೀರು ಮೂತಿಯ ಮೇಲಕ್ಕೆ ಏರಿತು, ಯಂತ್ರ ನಿಂತಿತು. ಆಗ ನಾನು ಮಾಡಿದ ತಪ್ಪೇ ಮುಖ್ಯವಾದುದು. ಗಾಬರಿಯಿಂದ ಬೀಗದಕೈಯನ್ನು ಮತ್ತೆ ಮತ್ತೆ ತಿರುಗಿಸಿದೆ. ಒಳಗಿನಿಂದ ಕಬ್ಬಿಣವು ಮುರಿದಂಥ ಒಂದು ಶಬ್ದ ಬಂದಿತು. ಆಮೇಲೆ ಏನೂ ಇಲ್ಲ. ನೀರು ಬಾಗಿಲ ಸಂದಿನಿಂದ ಒಳಗೆ ಬರುತ್ತಿತ್ತು. ಮಗಳನ್ನು ಹೆಗಲ ಮೇಲೆ ಹೊತ್ತು, ಹೆಂಡತಿಯ ಕೈಯನ್ನು ಹಿಡಿದು, ತೊಡೆಮಟ್ಟದ ನೀರಿನಲ್ಲಿ ದಂಡೆಗೆ ಬಂದ ಆ ಇಪ್ಪತ್ತು ಹೆಜ್ಜೆಗಳನ್ನು ನಾನು ಮರೆಯಲಾರೆ.

ಪಕ್ಕದ ತೋಟದಿಂದ ಟ್ರ್ಯಾಕ್ಟರು ಬಂದಿತು. ಹಗ್ಗದ ಕೊಕ್ಕೆಯನ್ನು ಗಾಡಿಯ ಬಂಪರಿಗೆ ಸಿಕ್ಕಿಸಿ ಎಳೆದರು. ಬಂಪರಿನ ತುಂಡೊಂದು ಕಿತ್ತು, ಕೊಕ್ಕೆಯೊಡನೆ ಬಾಣದಂತೆ ಹಾರಿ, ಟ್ರ್ಯಾಕ್ಟರಿನವನ ತಲೆಯ ಪಕ್ಕದಿಂದ ಹೋಗಿ ಹಲಸಿನ ಮರಕ್ಕೆ ನಾಟಿತು. ಒಂದು ಗೇಣು ಈಚೆಗೆ ಬಂದಿದ್ದರೆ ಒಂದು ಸಂಸಾರ ಬೀದಿಗೆ ಬೀಳುತ್ತಿತ್ತು. ನನ್ನ ಅವಿವೇಕಕ್ಕೆ ಆತನು ತನ್ನ ಪ್ರಾಣವನ್ನು ತೆರಬೇಕಾಗುತ್ತಿತ್ತು.

ಮೇಸ್ತ್ರಿಯು ಯಂತ್ರವನ್ನು ಬಿಚ್ಚಿ ತೋರಿಸಿದಾಗ ಪಿಸ್ಟನ್ನಿನ ದಂಡವೊಂದು ಬಾಗಿ, ಇನ್ನೊಂದು ಮುರಿದಿತ್ತು. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ; ನೀರನ್ನು ಒತ್ತಿದರೆ ಅದು ಕುಗ್ಗುವುದಿಲ್ಲ. ಆದುದರಿಂದ ಕೊಳವೆಯೊಳಗೆ ನೀರು ಸೇರಿರುವಾಗ ಯಂತ್ರವನ್ನು ತಿರುಗಿಸಿದರೆ ಬಾಗುವುದು ಉಕ್ಕೇ. ವಿಮೆಯವರು ಹಣ ಕೊಡಲಿಲ್ಲ. ಪತ್ರವನ್ನು ಓದಿದಾಗ, ನೀರು ನುಗ್ಗಿ ಯಂತ್ರ ಕೆಟ್ಟರೆ ಅದಕ್ಕೆ ಬೇರೆಯಾಗಿ ಕಂತು ಕಟ್ಟಿರಬೇಕೆಂದು ಬರೆದಿತ್ತು. ಆ ಪತ್ರ ಮೂರು ವರ್ಷಗಳಿಂದ ನನ್ನ ಪೆಟ್ಟಿಗೆಯಲ್ಲೇ ಇತ್ತು, ನಾನು ಓದಿರಲಿಲ್ಲ. ಮಗಳ ಹೆಸರಿನಲ್ಲಿಟ್ಟಿದ್ದ ಹಣದಿಂದ ಯಂತ್ರವನ್ನು ರಿಪೇರಿ ಮಾಡಿಸಿದೆ. ಮಗಳು ಒಂದೇ ಒಂದು ಮಾತು ಕೇಳಿದಳು: “ಅಪ್ಪ, ಅಮ್ಮ ಬೇಡ ಅಂದಿದ್ದಳಲ್ಲ?” ಅದಕ್ಕೆ ಉತ್ತರ ಇಂದಿಗೂ ನನ್ನಲ್ಲಿಲ್ಲ.

ನೀರನ್ನು ದಾಟುವ ವಿಧಾನ

ಕಾಲಿನಲ್ಲಿ ನಡೆದು ದಾಟಲಾರದ ನೀರನ್ನು ಗಾಡಿಯಲ್ಲಿ ದಾಟಬಾರದು. ಇದೇ ಮೊದಲ ನಿಯಮ. ಥಾರ್ ಗಾಡಿ ೬೫೦ ಮಿಲಿಮೀಟರು, ಗುರ್ಖಾ ೭೦೦ ಮಿಲಿಮೀಟರು ಆಳದ ನೀರನ್ನು ದಾಟಬಲ್ಲವೆಂದು ತಯಾರಕರು ಹೇಳುತ್ತಾರೆ. ಆ ಲೆಕ್ಕವನ್ನು ನಿಂತ ನೀರಿಗೆ, ಗಟ್ಟಿಯಾದ ತಳಕ್ಕೆ ಮಾತ್ರ ಹಿಡಿಯಬೇಕು. ಹರಿಯುವ ಕೆಂಪು ನೀರಿಗಲ್ಲ. ರಭಸದ ನೀರು ಮೊಣಕಾಲು ಮಟ್ಟದಲ್ಲಿದ್ದರೂ ಗಾಡಿಯನ್ನು ಪಕ್ಕಕ್ಕೆ ನೂಕುತ್ತದೆ.

ಕೋಲನ್ನು ಹಿಡಿದು ಒಬ್ಬನು ಮೊದಲು ನಡೆದು, ಆಳವನ್ನೂ ಗುಂಡಿಯನ್ನೂ ನೋಡಿ ಬರಬೇಕು. ದಂಡೆಯಲ್ಲಿ ಗಾಡಿಯನ್ನು ಸ್ವಲ್ಪ ಹೊತ್ತು ತಣಿಯಲು ಬಿಡಬೇಕು. ಕಾದ ಅಚ್ಚಿನ ಗಡ್ಡೆಯು ತಣ್ಣೀರಿನಲ್ಲಿ ಮುಳುಗಿದರೆ ಅದರೊಳಗಿನ ಗಾಳಿ ಕುಗ್ಗಿ, ಉಸಿರುಕೊಳವೆಯ ಮೂಲಕವೋ ಸೀಲಿನ ಸಂದಿನಿಂದಲೋ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಈ ಉಸಿರುಕೊಳವೆಗಳಿಗೆ ರಬ್ಬರಿನ ನಳಿಗೆಯನ್ನು ಜೋಡಿಸಿ ಎತ್ತರಕ್ಕೆ ಒಯ್ಯುವುದು ಅಲ್ಪವೆಚ್ಚದ ದೊಡ್ಡ ರಕ್ಷಣೆ. ನೀರಿನಲ್ಲಿ ‘ಲೋ’ ಸ್ಥಾನದಲ್ಲಿ, ನಡಿಗೆಯ ವೇಗದಲ್ಲಿ, ನಿಲ್ಲದೆ ಸಾಗಬೇಕು. ನಡುವೆ ಗೇರನ್ನು ಬದಲಾಯಿಸಕೂಡದು. ಯಂತ್ರ ನಿಂತರೆ ಮತ್ತೆ ತಿರುಗಿಸದೆ, ಜನರನ್ನು ಇಳಿಸಿ, ಗಾಡಿಯನ್ನು ಎಳೆಸಬೇಕು. ದಡ ಸೇರಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಓಡಿಸಿ ಒಣಗಿಸಿಕೊಳ್ಳತಕ್ಕದ್ದು.

ಗಾಡಿಯ ಕವಚ

ಹವ್ಯಾಸಿಗಳು ಮೊದಲು ಹಣ ಹಾಕುವುದು ದೀಪಗಳಿಗೆ, ಎತ್ತರಿಸುವ ಸ್ಪ್ರಿಂಗುಗಳಿಗೆ, ದೊಡ್ಡ ಟೈರುಗಳಿಗೆ. ಮೊದಲು ಹಾಕಬೇಕಾದದ್ದು ಕಾಣದಿರುವ ಅಡಿಭಾಗಕ್ಕೆ. ಎಣ್ಣೆಯ ತೊಟ್ಟಿ, ಗೇರಿನ ಪೆಟ್ಟಿಗೆ, ಇಂಧನದ ತೊಟ್ಟಿ ಇವುಗಳ ಕೆಳಗೆ ಲೋಹದ ಫಲಕಗಳನ್ನು ಜೋಡಿಸಬೇಕು. ಉಕ್ಕಿನದು ಗಟ್ಟಿ, ಅಗ್ಗ, ಆದರೆ ಭಾರ, ತುಕ್ಕೂ ಹಿಡಿಯುತ್ತದೆ. ಅಲ್ಯುಮಿನಿಯಮ್ಮಿನದು ಹಗುರ, ತುಕ್ಕಿಲ್ಲ. ಆದರೆ ಬೆಲೆ ಹೆಚ್ಚು, ಚೂಪು ಬಂಡೆಗೆ ಬೇಗ ಗೀರುತ್ತದೆ. ಯಾವುದಾದರೂ ನೀರೂ ಕೆಸರೂ ಇಳಿದುಹೋಗಲು ರಂಧ್ರಗಳಿರಬೇಕು. ಎಣ್ಣೆ ಬದಲಾಯಿಸಲು ಕಿಂಡಿಯಿರಬೇಕು. ಬಾಗಿಲ ಕೆಳಗಿನ ಅಂದದ ಮೆಟ್ಟಿಲುಗಳು ಬಂಡೆಗೆ ತಾಗಿದೊಡನೆ ಬಾಗಿ ಬಾಗಿಲನ್ನೇ ಕೆಡಿಸುತ್ತವೆ. ಅವುಗಳ ಬದಲು ಚೌಕಟ್ಟಿಗೆ ಬಿಗಿದ ಗಟ್ಟಿಯಾದ ಕೊಳವೆಗಳು ಲೇಸು.

ಇಲ್ಲಿ ಕಾಯಿದೆಯನ್ನೂ ನೆನೆಯಬೇಕು. ಮೂತಿಗೆ ಹಾಕುವ ಕಬ್ಬಿಣದ ದೊಡ್ಡ ಕಂಬಿಗಳನ್ನು ಕೇಂದ್ರ ಸರಕಾರವು ೨೦೧೭ರ ಡಿಸೆಂಬರಿನಲ್ಲಿ ನಿಷೇಧಿಸಿತು. ಅವು ರಸ್ತೆಯಲ್ಲಿ ನಡೆಯುವವರಿಗೆ ಅಪಾಯಕರವಾಗಿರುವುದಲ್ಲದೆ, ಅಪಘಾತದಲ್ಲಿ ಗಾಳಿಚೀಲಗಳು ಸಕಾಲಕ್ಕೆ ತೆರೆಯುವುದಕ್ಕೂ ಅಡ್ಡಿಯಾಗಬಲ್ಲವು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿಯ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಯಾವ ಬದಲಾವಣೆಯನ್ನಾದರೂ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಯೇ ಮಾಡಿಸತಕ್ಕದ್ದು. ಗಾಡಿಯನ್ನು ಎತ್ತರಿಸಿದಷ್ಟೂ ಅದು ಉರುಳುವ ಸಂಭವ ಹೆಚ್ಚು. ಟೈರು ದೊಡ್ಡದಾದಷ್ಟೂ ಬ್ರೇಕು ತಡವಾಗಿ ಹಿಡಿಯುತ್ತದೆ, ಅಚ್ಚಿಗೆ ಶ್ರಮ ಹೆಚ್ಚುತ್ತದೆ, ವೇಗಮಾಪಕವೂ ಸುಳ್ಳು ಹೇಳತೊಡಗುತ್ತದೆ.

ಟೈರಿನಲ್ಲಿ ಮೂರು ಬಗೆ: ರಸ್ತೆಯದು, ಎರಡಕ್ಕೂ ಸಲ್ಲುವುದು, ಕೆಸರಿನದು. ಕೆಸರಿನ ಟೈರು ರಸ್ತೆಯಲ್ಲಿ ಗುಂಯ್ಗುಡುತ್ತದೆ, ಮಳೆಯ ಡಾಂಬರಿನ ಮೇಲೆ ಜಾರುತ್ತದೆ. ಗೃಹಸ್ಥನಿಗೆ ನಡುವಿನದೇ ಸಾಕು. ಹಣವಿಲ್ಲದೆ ದೊರೆಯುವ ಉಪಾಯ ಒಂದುಂಟು: ಮರಳು ಕೆಸರುಗಳಲ್ಲಿ ಟೈರಿನ ಗಾಳಿಯನ್ನು ಮೂವತ್ತರಿಂದ ಹದಿನೆಂಟು ಇಪ್ಪತ್ತು ಪೌಂಡಿಗೆ ಇಳಿಸಿದರೆ ಟೈರು ಅಗಲವಾಗಿ ಊರಿ ಹಿಡಿತ ಹೆಚ್ಚುತ್ತದೆ. ಹದಿನೈದಕ್ಕಿಂತ ಕೆಳಗಿಳಿಸಿದರೆ ಟೈರು ರಿಮ್ಮಿನಿಂದ ಕಳಚೀತು. ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಬೇಕು. ಆದುದರಿಂದ ಗಾಳಿ ಹಾಕುವ ಸಣ್ಣ ಯಂತ್ರವೊಂದು ಜೊತೆಯಲ್ಲಿರಲಿ.

ಎಳೆಯುವ ಹಗ್ಗ, ಏರುವ ಕ್ರಮ

ಒಂಟಿಯಾಗಿ ಹೋಗಬಾರದು, ಎರಡು ಗಾಡಿಗಳಾದರೂ ಇರಬೇಕು. ಎಳೆಯಲು ಹಿಗ್ಗುವ ಗುಣವುಳ್ಳ ನೈಲಾನಿನ ಹಗ್ಗ, ಅದರ ಭಾರಕ್ಕೆ ತಕ್ಕ ಬಳೆಗಳು, ಒಂದು ಸಲಿಕೆ, ಚಕ್ರದಡಿ ಹಾಕುವ ಹಲಗೆಗಳು, ಬೆಂಕಿ ಆರಿಸುವ ಸಿಲಿಂಡರು, ಔಷಧದ ಪೆಟ್ಟಿಗೆ ಇವಿಷ್ಟು ಅವಶ್ಯಕ. ಹಗ್ಗವನ್ನು ಚೌಕಟ್ಟಿಗೆ ಬಿಗಿದ ಎಳೆಗೊಕ್ಕೆಗೇ ಕಟ್ಟಬೇಕು. ಬಂಪರಿಗಾಗಲಿ, ಗಾಡಿಯ ಹಿಂಬದಿಯ ಗುಂಡಿಗಾಗಲಿ ಕಟ್ಟಲೇಬಾರದು. ಹಗ್ಗದ ನಡುವೆ ನೆನೆಸಿದ ಗೋಣಿಚೀಲವನ್ನು ಹಾಕಿದರೆ, ತುಂಡಾದಾಗ ಅದು ಹಾರುವ ರಭಸ ತಗ್ಗುತ್ತದೆ. ನೋಡುವವರು ಹಗ್ಗದ ಉದ್ದದ ಒಂದೂವರೆ ಪಾಲು ದೂರದಲ್ಲಿರಬೇಕು. ಈ ನಾಲ್ಕು ಮಾತುಗಳನ್ನು ನಾನು ಹಲಸಿನ ಮರದ ಗಾಯದಿಂದ ಕಲಿತೆ.

ದಿಬ್ಬವನ್ನು ನೇರವಾಗಿ ಏರಬೇಕು, ನೇರವಾಗಿ ಇಳಿಯಬೇಕು. ಅಡ್ಡವಾಗಿ ಓಡಿಸಿದರೆ ಉರುಳುತ್ತದೆ. ಏರಲಾಗದಿದ್ದರೆ ತಿರುಗಿಸಲು ಹೋಗದೆ, ಹಿಂದಿನ ಗೇರಿನಲ್ಲಿ ಬಂದ ದಾರಿಯಲ್ಲೇ ಇಳಿಯಬೇಕು. ಇಳಿಜಾರಿನಲ್ಲಿ ಕ್ಲಚ್ಚನ್ನು ತುಳಿಯದೆ ‘ಲೋ’ ಸ್ಥಾನದ ಮೊದಲ ಗೇರಿಗೇ ಗಾಡಿಯನ್ನು ಒಪ್ಪಿಸಬೇಕು. ಹೆಬ್ಬೆರಳನ್ನು ಸ್ಟೀರಿಂಗಿನ ಕಡ್ಡಿಗಳ ಒಳಗೆ ಸಿಕ್ಕಿಸಬಾರದು. ಕಲ್ಲಿಗೆ ಚಕ್ರ ಹೊಡೆದರೆ ಬೆರಳು ಮುರಿಯುತ್ತದೆ. ಎಲ್ಲರೂ ನಡುಪಟ್ಟಿ ಕಟ್ಟಿರಬೇಕು. ಒಳಗೆ ಯಾವ ಸಾಮಾನೂ ಸಡಿಲವಾಗಿರಬಾರದು.

ಮನೆಗೆ ಬಂದ ಮೇಲೆ

ಕುದುರೆಯನ್ನು ಸವಾರಿಯಾದ ಮೇಲೆ ಮಾಲೀಸು ಮಾಡದೆ ಕಟ್ಟುವವನು ಸವಾರನಲ್ಲ. ಗಾಡಿಯ ಅಡಿಗೆ ಮೆತ್ತಿದ ಕೆಸರನ್ನು ಅಂದೇ ನೀರಿನಿಂದ ತೊಳೆಯಬೇಕು. ಒಣಗಿದ ಕೆಸರು ತೇವವನ್ನು ಹಿಡಿದಿಟ್ಟುಕೊಂಡು ಚೌಕಟ್ಟನ್ನು ಒಳಗಿನಿಂದ ತಿನ್ನುತ್ತದೆ. ರೇಡಿಯೇಟರಿನ ಸಂದಿನ ಕೆಸರನ್ನು ಮೃದುವಾದ ಧಾರೆಯಿಂದ ತೊಳೆಯದಿದ್ದರೆ ಮುಂದಿನ ಘಾಟಿಯಲ್ಲಿ ಯಂತ್ರ ಕಾಯುತ್ತದೆ. ನೀರು ದಾಟಿದ್ದರೆ ಅಚ್ಚಿನ ಎಣ್ಣೆಯನ್ನು ನೋಡಬೇಕು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿದು ಕೂಡಲೇ ಬದಲಾಯಿಸತಕ್ಕದ್ದು. ಕೀಲುಗಳಿಗೆ ಗ್ರೀಸು, ಗಾಳಿಶೋಧಕದ ಪರೀಕ್ಷೆ, ಸಡಿಲವಾದ ಬೋಲ್ಟುಗಳ ಬಿಗಿತ ಇವು ಅರ್ಧ ದಿನದ ಕೆಲಸ.

ನೆಲದ ಋಣ

ಕಡೆಯದಾಗಿ ಒಂದು ಮಾತು. ರಕ್ಷಿಸಬೇಕಾದುದು ಗಾಡಿಯನ್ನು ಮಾತ್ರವಲ್ಲ. ಬೆಟ್ಟದ ಹುಲ್ಲುಹಾಸಿನ ಮೇಲೆ ಒಮ್ಮೆ ಮೂಡಿದ ಚಕ್ರದ ಜಾಡು ಮಳೆಯ ನೀರಿಗೆ ಕಾಲುವೆಯಾಗಿ, ಎರಡು ಮೂರು ಮಳೆಗಾಲಗಳಲ್ಲಿ ಕೊರಕಲಾಗುತ್ತದೆ. ಕೆಳಗಿನ ಊರಿನವರು ಕುಡಿಯುವ ಹಳ್ಳದಲ್ಲಿ ವಿನೋದಕ್ಕಾಗಿ ಗಾಡಿಯನ್ನು ಹೊರಳಾಡಿಸಿದರೆ ಎಣ್ಣೆಯೂ ಕೆಸರೂ ಅವರ ಕೊಡಕ್ಕೆ ಹೋಗುತ್ತವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯಗಳಿಗೆ ಅಪ್ಪಣೆಯಿಲ್ಲದೆ ಪ್ರವೇಶಿಸುವಂತಿಲ್ಲ. ಕೊಡಚಾದ್ರಿಯೂ ಮೂಕಾಂಬಿಕಾ ಅಭಯಾರಣ್ಯಕ್ಕೆ ಸೇರಿದ್ದೇ. ತೋಟದ ದಾರಿಯಾದರೆ ಒಡೆಯನನ್ನು ಕೇಳಿಯೇ ಹೋಗತಕ್ಕದ್ದು. ಹಾಕಿದ ಗೇಟನ್ನು ಹಾಕಿ, ತೆರೆದ ಗೇಟನ್ನು ತೆರೆದೇ ಬರುವುದು ಮರ್ಯಾದಸ್ಥರ ಲಕ್ಷಣ.

ಇಷ್ಟನ್ನೂ ಕೇಳಿದ ಸೋದರಳಿಯನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕೊಳ್ಳಬೇಡವೆನ್ನುತ್ತೀರಾ, ಮಾವ?” ಎಂದನು. “ಹಾಗಲ್ಲಪ್ಪ. ಮೊದಲು ಬಾಡಿಗೆ ಜೀಪಿನಲ್ಲಿ ಕೊಡಚಾದ್ರಿಗೆ ಹೋಗಿ ಬಾ. ಚಾಲಕನ ಪಕ್ಕದಲ್ಲಿ ಕುಳಿತು ಅವನ ಕೈಕಾಲುಗಳನ್ನು ನೋಡು. ಆಮೇಲೂ ಆಸೆ ಉಳಿದಿದ್ದರೆ ಮನೆಯ ಹಣವನ್ನು ಮುಟ್ಟದೆ, ಒಂದು ವರ್ಷ ಕೂಡಿಹಾಕಿ ಕೊಂಡುಕೋ,” ಎಂದೆ. ತಂಗಿಯು ಒಳಗಿನಿಂದ ಏನೂ ಹೇಳಲಿಲ್ಲ. ಅವಳ ಮೌನವನ್ನು ಒಪ್ಪಿಗೆಯೆಂದೇ ಎಣಿಸಿದೆವು.

ಅವನು ಹೋಗಿ ಬಂದನು, ಹಣವನ್ನು ಕೂಡಿಹಾಕುತ್ತಿದ್ದಾನೆ. ಕಳೆದ ತಿಂಗಳು ಮಳೆ ಹಿಡಿದ ಮೇಲೆ ನಮ್ಮಲ್ಲಿಗೆ ಬಂದಿದ್ದಾಗ, ನನ್ನ ಜೀಪನ್ನು ಅವನ ಕೈಗೆ ಕೊಟ್ಟು ಅದೇ ಹಳ್ಳದ ದಂಡೆಗೆ ಕರೆದುಕೊಂಡು ಹೋದೆ. ಹಿಂದೆ ನನ್ನ ಹೆಂಡತಿಯೂ ಮಗಳೂ ಕುಳಿತಿದ್ದರು. ಅವನು ಗಾಡಿಯನ್ನು ನಿಲ್ಲಿಸಿ ಇಳಿದನು; ಕೋಲನ್ನು ನೀರಿಗೆ ಊರಿ ನೋಡಿದನು; ಹಿಂದಿರುಗಿ ಬಂದು, “ಅತ್ತೆ, ನೀರು ಕೆಂಪಾಗಿದೆ. ಸುತ್ತಿಕೊಂಡೇ ಹೋಗೋಣ,” ಎಂದನು. ಹದಿನೆಂಟು ಕಿಲೋಮೀಟರು ಸುತ್ತಿ, ಕತ್ತಲಾಗುವುದರೊಳಗೆ ಮನೆ ಸೇರಿದೆವು.